ಕೀಥಿರಾದ ಬೀಗ ಹಾಕಿದ ಮನೆ ಟೀಚರಿಗೆ ಸಿಕ್ಕ ಕಥೆ

ದುಡ್ಡು ಕಳಿಸುವುದು ಸುಲಭ. ಸಿಡ್ನಿಯ ಒಂದು ಪುಟ್ಟ ಗ್ರೀಕ್ ಸಂಘದ ಲೆಕ್ಕ ಬರೆಯಲು ಕೂತ ಮೇಲೆ ನನಗೆ ಮೊದಲು ಗೊತ್ತಾಗಿದ್ದು ಇದೇ. ಊಟದ ಕೂಟ ಇಟ್ಟುಕೊಳ್ಳಬೇಕು, ಲಾಟರಿ ಚೀಟಿ ಮಾರಬೇಕು, ಬಂದ ಡಾಲರನ್ನು ಯೂರೋ ಮಾಡಿ ದ್ವೀಪಕ್ಕೆ ದಾಟಿಸಬೇಕು. ಯಾಕೆ, ಯಾರಿಗೆ ಅಂತ ಬ್ಯಾಂಕಿನವರು ನಾಲ್ಕು ಪ್ರಶ್ನೆ ಕೇಳುತ್ತಾರೆ, ಅಷ್ಟೇ. ಆದರೆ ದ್ವೀಪದವರೇ "ಈ ಸಲ ದುಡ್ಡು ಬೇಡ, ಮನೆ ಇದ್ದರೆ ಕೊಡಿ" ಅಂದರೆ? ಪರದಾಟ ಶುರುವಾಗುವುದು ಅಲ್ಲಿಂದ.

ನಾನು ಕುಂದಾಪುರದ ಕಡೆಯವಳು. ಬೆಳೆದದ್ದು ಮುಂಬೈಯಲ್ಲಿ, ಕೆಲಸ ಅಕೌಂಟೆಂಟ್. ಮದುವೆಯಾಗಿದ್ದು ಸಿಡ್ನಿಯಲ್ಲೇ ಹುಟ್ಟಿ ಬೆಳೆದ ಗ್ರೀಕ್ ಮನೆತನದವನನ್ನು. ಅವನ ಅಜ್ಜ ಕೀಥಿರಾ ದ್ವೀಪದಿಂದ ಹಡಗು ಹತ್ತಿ ಬಂದವರು. ಗ್ರೀಸ್‌ನ ಭೂಪಟದಲ್ಲಿ ಪೆಲೊಪೊನೀಸ್ ಅನ್ನುವ ದೊಡ್ಡ ಪರ್ಯಾಯ ದ್ವೀಪದ ಕೆಳತುದಿ ಇದೆಯಲ್ಲ, ಅದರ ಕೆಳಗೆ ಸಮುದ್ರದಲ್ಲಿ ಒಂಟಿಯಾಗಿ ಕೂತಿರುವುದು ಕೀಥಿರಾ. ಸುಮಾರು 280 ಚದರ ಕಿಲೋಮೀಟರ್ ಜಾಗ. ಜನ ನಾಲ್ಕು ಸಾವಿರದೊಳಗೆ. ಎರಡು ಸಾವಿರ ವರ್ಷಕ್ಕೂ ಹಳೆಯ ಹಲ್ಲುಚಕ್ರಗಳ ಅಂಟಿಕೀಥಿರಾ ಯಂತ್ರದ ಬಗ್ಗೆ ಓದಿರುತ್ತೀರಿ. ಅದು 1901ರಲ್ಲಿ ಮುಳುಗಿದ ಹಡಗಿನಿಂದ ಮೇಲೆ ಬಂದಿದ್ದು ಪಕ್ಕದ ಚಿಕ್ಕ ದ್ವೀಪದ ಹತ್ತಿರ. ಕೀಥಿರಾ ನೂರಾರು ವರ್ಷ ವೆನಿಸ್‌ನವರ ಕೈಯಲ್ಲಿತ್ತು, ಆಮೇಲೆ ಬ್ರಿಟಿಷರ ಕೈಯಲ್ಲಿತ್ತು. ಗ್ರೀಸ್‌ಗೆ ಸೇರಿದ್ದು 1864ರಲ್ಲಿ.

ಸೇರಿದ ಮೇಲೆ ಜನ ಅಲ್ಲೇ ನಿಂತರಾ? ಇಲ್ಲ. ಕಲ್ಲು ನೆಲ, ಸಣ್ಣ ಸಣ್ಣ ಹೊಲ, ಮನೆ ತುಂಬ ಮಕ್ಕಳು. ಮೊದಲು ಸ್ಮಿರ್ನಾ (ಈಗಿನ ಟರ್ಕಿಯ ಇಜ್ಮಿರ್), ಈಜಿಪ್ಟ್, ಅಮೆರಿಕ ಅಂತ ಹೋದರು. ಆಮೇಲೆ ಆಸ್ಟ್ರೇಲಿಯ. 1870ರ ದಶಕದಲ್ಲಿ ಸಿಡ್ನಿಯಲ್ಲಿ ಮೀನಂಗಡಿ ಹಾಕಿದ ಅಥನಾಸಿಯೋಸ್ ಕೊಮಿನೋ ಈ ದ್ವೀಪದವರೇ. ಸಿಂಪಿ (ತಿನ್ನುವ ಆಯಿಸ್ಟರ್) ವ್ಯಾಪಾರದಲ್ಲಿ ಎಷ್ಟು ಹೆಸರು ಮಾಡಿದರೆಂದರೆ ಅವರನ್ನು 'ಸಿಂಪಿ ರಾಜ' ಅಂತಲೇ ಕರೆಯುತ್ತಿದ್ದರು. ಅವರ ಹಿಂದೆ ತಮ್ಮಂದಿರು, ಅವರ ಹಿಂದೆ ಊರಿನ ಹುಡುಗರು. ಮಾವ ಟಿಕೆಟ್ ದುಡ್ಡು ಕಳಿಸುತ್ತಾರೆ. ಹುಡುಗ ಬಂದು ಯಾವುದೋ ಒಳನಾಡಿನ ಊರಿನ ಕೆಫೆಯಲ್ಲಿ ತಟ್ಟೆ ತೊಳೆಯುತ್ತಾನೆ. ಸಾಲ ತೀರಿಸಿ, ತಾನೇ ಒಂದು ಕೆಫೆ ಇಟ್ಟು, ಮುಂದಿನ ಹುಡುಗನನ್ನು ಕರೆಸುತ್ತಾನೆ. ನ್ಯೂ ಸೌತ್ ವೇಲ್ಸ್‌ನ ಹಳ್ಳಿಪೇಟೆಗಳಲ್ಲಿ ಹೀಗೆ ಸಾಲಾಗಿ ಗ್ರೀಕ್ ಕೆಫೆಗಳು ಬಂದವು. ಬಿಂಗಾರಾ ಅನ್ನುವ ಸಣ್ಣ ಊರಲ್ಲಿ ಕೀಥಿರಾದ ಮೂವರು ಪಾಲುದಾರರು ಸೇರಿ 1936ರಲ್ಲಿ ರಾಕ್ಸಿ ಅಂತ ಸಿನಿಮಾ ಥಿಯೇಟರನ್ನೇ ಕಟ್ಟಿದರು. ಅದು ಇವತ್ತಿಗೂ ನಿಂತಿದೆ, ಪಕ್ಕದ ಕೆಫೆಯ ಜೊತೆಗೆ ಈಗ ಮ್ಯೂಸಿಯಂ ಕೂಡ ಇದೆ.

ಈ ಕಥೆ ಅತ್ತೆ ನನಗೆ ಮೊದಲ ಸಲ ಹೇಳಿದಾಗ ನನಗೇನೂ ಹೊಸದು ಅನ್ನಿಸಲಿಲ್ಲ. ನನ್ನ ಅಜ್ಜ ಹದಿಮೂರರ ವಯಸ್ಸಿಗೆ ಮುಂಬೈಗೆ ಹೋಗಿ, ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಮಾಟುಂಗಾದಲ್ಲಿ ಹೋಟೆಲ್ ಇಟ್ಟವರು. ಅದನ್ನು ಹೇಳಿದ್ದೇ ತಡ, ನನ್ನ ಜಾತಿ, ಧರ್ಮ, ಅಡುಗೆ ಯಾವುದರ ಬಗ್ಗೆಯೂ ಅತ್ತೆ ಮುಂದೆ ಪ್ರಶ್ನೆ ಕೇಳಲಿಲ್ಲ. "ಹಾಗಾದ್ರೆ ನೀನು ನಮ್ಮವಳೇ" ಅಂದುಬಿಟ್ಟರು. ಅಕೌಂಟೆಂಟ್ ಅಂತ ಗೊತ್ತಾದ ಮೇಲಂತೂ ಸಂಘದ ಪುಸ್ತಕ ನನ್ನ ಮಡಿಲಿಗೆ ಬಂತು.

ಇಂಥ ಸಂಘಗಳಿಗೆ ಲೆಕ್ಕವಿಲ್ಲ. ಗ್ರೀಕರು ಹೋದಲ್ಲೆಲ್ಲ ದೇಶಕ್ಕಿಂತ ಮೊದಲು ಊರಿನ ಹೆಸರಲ್ಲಿ ಸಂಘ ಕಟ್ಟುತ್ತಾರೆ. ಇಕಾರಿಯಾ ದ್ವೀಪದವರು 1903ರಲ್ಲೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಟ್ಟಿದರು. ಕಾಸ್ಟೆಲೊರಿಜೊದವರು 1912ರಲ್ಲಿ ಪರ್ತ್‌ನಲ್ಲಿ. ಕೀಥಿರಾದವರ ದೊಡ್ಡ ಸಂಘ ಸಿಡ್ನಿಯಲ್ಲಿ ಶುರುವಾಗಿದ್ದು 1922ರಲ್ಲಿ. ನಮ್ಮದು ಅದಲ್ಲ. ದ್ವೀಪದ ಉತ್ತರದ ಕೆಲವು ಹಳ್ಳಿಗಳವರು ಸೇರಿಕೊಂಡ ಸಣ್ಣ ಬಳಗ. ಮೀಟಿಂಗ್ ಅಂದರೆ ಚರ್ಚ್ ಹಾಲಿನ ಹಿಂದಿನ ರೂಮು, ಮಡಚುವ ಕುರ್ಚಿ, ಸಕ್ಕರೆ ಪುಡಿ ಉದುರಿಸಿದ ಬಾದಾಮಿ ಬಿಸ್ಕತ್ತು. ಬಿಸ್ಕತ್ತಿನ ಪುಡಿ ಎಲ್ಲರ ಕಪ್ಪು ಕೋಟಿನ ಮೇಲೂ ಇರುತ್ತದೆ. ಯಾರೂ ಒರೆಸಿಕೊಳ್ಳುವುದಿಲ್ಲ, ಯಾಕೆಂದರೆ ಎಲ್ಲರೂ ಜಗಳದಲ್ಲಿರುತ್ತಾರೆ.

ಆ ವರ್ಷದ ಜಗಳ ಗಂಟೆಗೋಪುರದ್ದು. ಒಂದು ಹಳ್ಳಿಯ ಚರ್ಚಿನ ಗಂಟೆಗೋಪುರ ಬಿರುಕು ಬಿಟ್ಟಿತ್ತು. ರಿಪೇರಿಗೆ ದುಡ್ಡು ಕೂಡಿಸಿದ್ದಾಗಿತ್ತು. ಹಿಂದಿನ ಲೆಕ್ಕದ ಪುಸ್ತಕಗಳನ್ನು ತಿರುವಿ ನೋಡಿದರೆ ಇದೇ ಸಾಲು: ಚರ್ಚ್, ಗಂಟೆ, ಸ್ಮಶಾನದ ಗೋಡೆ, ಚೌಕದ ಬೆಂಚು, ಮತ್ತೆ ಚರ್ಚ್. ಎಲ್ಲದರ ಮೇಲೂ ಅಮೃತಶಿಲೆಯ ಫಲಕ. ದಾನದ ದುಡ್ಡಿಗೆ ಕಲ್ಲು ಕಂಡರೆ ಪ್ರೀತಿ ಜಾಸ್ತಿ. ಕೊಟ್ಟವರು ದ್ವೀಪಕ್ಕೆ ಹೋಗುವುದು ಜುಲೈ-ಆಗಸ್ಟ್‌ನಲ್ಲಿ. ಆಗ ಬಿಸಿಲು, ಸಮುದ್ರ, ಜಾತ್ರೆ, ಕಲ್ಲಿನ ಮೇಲೆ ತಮ್ಮ ಹೆಸರು. ಜನವರಿಯಲ್ಲಿ ಅಲ್ಲಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಇಂಥ ಸಂಘಗಳ ದೊಡ್ಡ ತೊಡಕು ಇದೇ. ಊರನ್ನು ಪ್ರೀತಿಸುವವರು ಬೇಸಿಗೆಯ ಊರನ್ನು ಪ್ರೀತಿಸುತ್ತಾರೆ.

ಗಂಟೆಗೋಪುರದ ಬಗ್ಗೆ ನಾವು ಬರೆದ ಪತ್ರಕ್ಕೆ ದ್ವೀಪದಿಂದ ಬಂದ ಉತ್ತರ ಬೇರೆ ಧಾಟಿಯಲ್ಲಿತ್ತು. ಗೋಪುರಕ್ಕೆ ಬೇರೆ ಕಡೆಯಿಂದ ಹಣ ಸಿಗುವ ಹಾಗಿದೆ, ನಮಗೆ ಮನೆ ಬೇಕು ಅಂತ ಬರೆದಿದ್ದರು. ವಿಷಯ ಏನೆಂದರೆ, ಗ್ರೀಸ್‌ನಲ್ಲಿ ಶಾಲೆಗಳ ಖಾಲಿ ಜಾಗಗಳಿಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಬದಲಿ ಶಿಕ್ಷಕರನ್ನು ನೇಮಿಸುತ್ತಾರೆ. ಆರ್ಡರ್ ಬಂದ ಕೆಲವೇ ದಿನದಲ್ಲಿ ಹೋಗಿ ಹಾಜರಾಗಬೇಕು. ಶಾಲೆ ಮುಗಿಯುವ ಜೂನ್‌ವರೆಗೆ ಕೆಲಸ. ದ್ವೀಪಕ್ಕೆ ಬಿದ್ದರೆ ಮನೆ ಹುಡುಕುವುದೇ ದೊಡ್ಡ ಪರೀಕ್ಷೆ. ಮನೆ ಮಾಲೀಕರಿಗೆ ಬೇಸಿಗೆಯ ಪ್ರವಾಸಿಗಳಿಂದ ಒಳ್ಳೆ ದುಡ್ಡು. ಹಾಗಾಗಿ "ಏಪ್ರಿಲ್ ಕೊನೆಗೆ ಖಾಲಿ ಮಾಡಿ" ಅನ್ನುತ್ತಾರೆ. ಆಮೇಲೆ ಎರಡು ತಿಂಗಳು ಟೀಚರ್ ಎಲ್ಲಿರಬೇಕು? ನರ್ಸುಗಳಿಗೂ ಡಾಕ್ಟರುಗಳಿಗೂ ಇದೇ ಪಾಡು. ಗ್ರೀಸ್‌ನ ಎಷ್ಟೋ ದ್ವೀಪಗಳಲ್ಲಿ ಇದು ಈಗ ಮಾಮೂಲಿ ತಲೆನೋವು.

ಇನ್ನೊಂದು ಕಡೆ, ಕೀಥಿರಾದ ಯಾವ ಹಳ್ಳಿಗೆ ಹೋದರೂ ಬೀಗ ಹಾಕಿದ ಮನೆಗಳು. ಮಾಲೀಕರು ಎಲ್ಲಿ? ಮಡಚುವ ಕುರ್ಚಿಯ ಮೇಲೆ, ಬಿಸ್ಕತ್ತು ತಿನ್ನುತ್ತಾ.

ಪತ್ರ ಓದಿ ಮುಗಿಸಿದಾಗ ರೂಮು ಒಮ್ಮೆಗೇ ತಣ್ಣಗಾಯಿತು. ಗಂಟೆಗೋಪುರಕ್ಕೆ ಗಂಟಲು ಹರಿದುಕೊಂಡವರೆಲ್ಲ ಚಾವಣಿ ನೋಡಿದರು. ಒಬ್ಬರು "ನಮ್ಮದು ಬಿದ್ದುಹೋಗುವ ಸ್ಥಿತೀಲಿದೆ" ಅಂದರು. ಇನ್ನೊಬ್ಬರು "ತಮ್ಮನನ್ನು ಕೇಳಬೇಕು" ಅಂದರು. ಅಧ್ಯಕ್ಷರು ತಮ್ಮ ಮನೆಯ ವಿಷಯ ಎತ್ತಲೇ ಇಲ್ಲ. ಆಗ ಅತ್ತೆ ಕೈ ಎತ್ತಿದರು. "ನಮ್ಮ ಅಪ್ಪನ ಮನೆ ಇದೆ. ಸುಮ್ನೆ ಬಿದ್ದಿದೆ. ತಗೊಳ್ಳಿ."

ಕಾರಿನಲ್ಲಿ ಬರುವಾಗ ಕೇಳಿದೆ, "ಅತ್ತೆ, ಮನೆ ಯಾರ ಹೆಸರಲ್ಲಿದೆ?"

"ಇನ್ಯಾರದು, ಅಪ್ಪಂದೇ."

ಅಪ್ಪ ತೀರಿಕೊಂಡು ನಲವತ್ತು ವರ್ಷದ ಮೇಲಾಗಿತ್ತು. ಆ ಅಪ್ಪನಿಗೆ ಐವರು ಮಕ್ಕಳು. ಮೂವರು ಈಗಿಲ್ಲ, ಅವರ ಪಾಲು ಅವರ ಮಕ್ಕಳಿಗೆ. ಮನೆಗೆ ಬಂದು ಕಾಗದದ ಮೇಲೆ ವಂಶವೃಕ್ಷ ಬರೆದು ಎಣಿಸಿದರೆ 11 ಜನ ಹಕ್ಕುದಾರರು. ಸಿಡ್ನಿ, ಬ್ರಿಸ್ಬೇನ್, ಮೆಲ್ಬರ್ನ್, ಅಥೆನ್ಸ್. ಒಬ್ಬಳು ಅಮೆರಿಕದಲ್ಲಿ.

ಗ್ರೀಸ್‌ನಲ್ಲಿ ಅಪ್ಪನ ಆಸ್ತಿ ಮಗನ ಹೆಸರಿಗೆ ಬರಬೇಕಾದರೆ ನೋಟರಿ ಮುಂದೆ 'ವಾರಸು ಒಪ್ಪಿಕೊಂಡಿದ್ದೇನೆ' ಅನ್ನುವ ಪತ್ರ ಆಗಬೇಕು, ಅದು ಭೂದಾಖಲೆಯಲ್ಲಿ ನೋಂದಣಿಯಾಗಬೇಕು. ಅಲ್ಲಿನ ನೋಟರಿ ಅಂದರೆ ನಮ್ಮಲ್ಲಿನ ಹಾಗೆ ಕೋರ್ಟಿನ ಹೊರಗೆ ಸೀಲು ಒತ್ತುವವರಲ್ಲ. ಕಾನೂನು ಓದಿದ ದೊಡ್ಡ ಅಧಿಕಾರಿ, ಆಸ್ತಿಯ ಪತ್ರವನ್ನು ಸ್ವತಃ ಬರೆಯುವವರು. ಆ ಮೇಜಿನವರೆಗೆ ಹೋಗಲು ಏನೇನು ಬೇಕು ಅನ್ನುವ ಪಟ್ಟಿಯನ್ನು ದ್ವೀಪದ ವಕೀಲೆ ಕಳಿಸಿದರು. ನಾನು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಗಂಡ ನೋಡಿ, "ಬಿಡು, ನಾವೇ ಒಂದು ಹೊಸ ಮನೆ ಕಟ್ಟಿ ಕೊಟ್ಟುಬಿಡೋಣ" ಅಂದ.

ಮೊದಲ ತೊಡಕು ಅಜ್ಜನ ಹೆಸರಿನದು. ದ್ವೀಪದ ದಾಖಲೆಯಲ್ಲಿ ಅವರು ಪನಾಯೋಟಿಸ್. ಸಿಡ್ನಿಯ ಮರಣ ಪತ್ರದಲ್ಲಿ ಪೀಟರ್. ಇದು ಆ ಕಾಲದವರ ಮಾಮೂಲಿ ಕಥೆ. ಪನಾಯೋಟಿಸ್ ಪೀಟರ್ ಆದ, ದಿಮಿತ್ರಿಯೋಸ್ ಜಿಮ್ ಆದ, ಸ್ಟಾವ್ರೋಸ್ ಸ್ಟೀವ್ ಆದ. ಮನೆತನದ ಹೆಸರಂತೂ ಕೆಫೆಯ ಬೋರ್ಡಿನ ಮೇಲೆ ಹಿಡಿಸಲಿಲ್ಲ ಅಂತ ಅರ್ಧಕ್ಕರ್ಧ ಕತ್ತರಿಸಿಬಿಟ್ಟಿದ್ದರು. ಕಾನೂನಿನ ಕಣ್ಣಿಗೆ ಕೀಥಿರಾದಲ್ಲಿ ಹುಟ್ಟಿದವನೇ ಒಬ್ಬ, ಸಿಡ್ನಿಯಲ್ಲಿ ಸತ್ತವನೇ ಇನ್ನೊಬ್ಬ. ಇಬ್ಬರೂ ಒಬ್ಬರೇ ಅಂತ ತೋರಿಸಲು ಕಾಗದ ಹುಡುಕಬೇಕಾಯಿತು. ಕೊನೆಗೆ ಕೈಹಿಡಿದಿದ್ದು ಆಸ್ಟ್ರೇಲಿಯದ ಪೌರತ್ವದ ಹಳೆ ಕಡತ. ಅದರಲ್ಲಿ ಎರಡೂ ಹೆಸರು, ಹುಟ್ಟಿದ ಹಳ್ಳಿ, ಅಪ್ಪನ ಹೆಸರು, ಬಂದ ಹಡಗು ಎಲ್ಲ ಇತ್ತು. ಪರದೇಶಿಯರ ಮೇಲೆ ಸಂಶಯಪಟ್ಟು ಆಗಿನ ಸರ್ಕಾರ ಬರೆದಿಟ್ಟ ಕಾಗದ ಈಗ ನಮಗೆ ಉಪಕಾರಕ್ಕೆ ಬಂತು.

ಎರಡನೆಯದು, ಮದುವೆ-ಹುಟ್ಟು-ಸಾವುಗಳದ್ದು. ಇಲ್ಲಿ ಹುಟ್ಟಿದ ಮಕ್ಕಳು, ಇಲ್ಲಿ ಆದ ಮದುವೆಗಳು ಗ್ರೀಸ್‌ನ ಪುಸ್ತಕದಲ್ಲಿ ಇರಲೇ ಇಲ್ಲ. ಹೊರದೇಶದಲ್ಲಿ ನಡೆದಿದ್ದನ್ನು ಬರೆದುಕೊಳ್ಳಲೆಂದೇ ಅಥೆನ್ಸ್‌ನಲ್ಲಿ ಒಂದು ವಿಶೇಷ ನೋಂದಣಿ ಕಚೇರಿ ಇದೆ. ಪ್ರತಿ ಪತ್ರದ ಅಸಲಿ ಪ್ರತಿ ತರಿಸಿ, ಅದಕ್ಕೆ ಆಸ್ಟ್ರೇಲಿಯದ ವಿದೇಶಾಂಗ ಇಲಾಖೆಯಿಂದ ಹೊರದೇಶದಲ್ಲೂ ನಡೆಯುವಂಥ ಅಪೊಸ್ಟಿಲ್ ಮುದ್ರೆ ಹಾಕಿಸಿ, ಗ್ರೀಕಿಗೆ ಅಧಿಕೃತ ಅನುವಾದ ಮಾಡಿಸಿ ಕಳಿಸಬೇಕು. 11 ಜನ, ಅವರ ಅಪ್ಪ-ಅಮ್ಮಂದಿರು, ಅವರ ಮದುವೆಗಳು. ಒಬ್ಬರಿಗೆ ಎರಡು ಮದುವೆ. ಅದು ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಆ ವಾರ ಅತ್ತೆಯ ಫೋನು ಬಿಡುವಾಗಲೇ ಇಲ್ಲ.

ಮೂರನೆಯದು ತೆರಿಗೆ ನಂಬರು. ಗ್ರೀಸ್‌ನಲ್ಲಿ ಆಸ್ತಿಯ ವ್ಯವಹಾರ ಏನೇ ಇರಲಿ, ಆಫಿಮಿ ಅಂತ ಕರೆಯುವ ಒಂಬತ್ತು ಅಂಕಿಯ ನಂಬರು ಬೇಕು. ಹೊರಗಿರುವ ನಮ್ಮವರು ಅಲ್ಲಿ ತಮ್ಮ ಪರವಾಗಿ ಒಬ್ಬ ಪ್ರತಿನಿಧಿಯನ್ನೂ ಇಟ್ಟುಕೊಂಡರು. ಜೊತೆಗೆ ವಕೀಲೆಗೆ ಎಲ್ಲರೂ ಅಧಿಕಾರ ಪತ್ರ ಬರೆದುಕೊಡಬೇಕು. ಗ್ರೀಕ್ ದೂತಾವಾಸದಲ್ಲಿ ಬರೆಸಿದರೆ ಅದು ನೇರವಾಗಿ ಗ್ರೀಕಿನಲ್ಲೇ ಆಗುತ್ತದೆ. ಆದರೆ ಭಾಷೆ ಬಾರದವರು ದುಭಾಷಿಯನ್ನು ಕರೆದುಕೊಂಡು ಹೋಗಬೇಕು. ನನ್ನ ಗಂಡನ ವಾರಿಗೆಯವರಲ್ಲಿ ಅರ್ಧದಷ್ಟು ಜನಕ್ಕೆ ಗ್ರೀಕ್ ಅಂದರೆ ಊಟದ ಹೆಸರು ಮತ್ತು ಬೈಗುಳ, ಅಷ್ಟೇ.

ಕಾಗದಗಳದ್ದು ಹೇಗೋ ಸಾಗುತ್ತದೆ. ಮನುಷ್ಯರದ್ದೇ ಕಷ್ಟ. ಬ್ರಿಸ್ಬೇನ್‌ನಲ್ಲಿರುವ ಭಾವ, ಅಂದರೆ ನನ್ನ ಗಂಡನ ದೊಡ್ಡಮ್ಮನ ಮಗ, ಸಹಿ ಹಾಕುವುದಿಲ್ಲ ಅಂತ ಕೂತರು. ಫೋನಿನಲ್ಲಿ ನನ್ನ ಹತ್ತಿರವೇ ಕೇಳಿದರು.

"ಒಳಗೆ ಬಿಟ್ಟುಕೊಂಡ್ರೆ ಆಮೇಲೆ ಹೋಗ್ತಾರಾ?"

"ಭಾವ, ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಅಂತ ಬರೆಸ್ತೀವಿ. ಕರಾರು ದ್ವೀಪದ ನಗರಸಭೆ ಜೊತೆ, ಟೀಚರ್ ಜೊತೆ ಅಲ್ಲ."

"ಬೇಸಿಗೇಲಿ ನಾನು ಹೋದ್ರೆ?"

"ಜುಲೈ-ಆಗಸ್ಟ್ ನಿಮ್ಮದೇ."

ಸ್ವಲ್ಪ ಹೊತ್ತು ಮಾತಿಲ್ಲ. ಭಾವ ಆ ಮನೆಗೆ ಕೊನೆಯ ಸಲ ಹೋಗಿದ್ದು ಕಾಲೇಜು ಓದುವಾಗ. ಆದರೂ ಹೋಗದೇ ಇರುವ ಮನೆಯ ಮೇಲಿನ ಹಕ್ಕು ಬಿಡುವುದು ಸುಲಭ ಅಲ್ಲ, ಅಲ್ವಾ. ಕೊನೆಗೆ ಅವರು ಒಂದು ಷರತ್ತು ಹಾಕಿದರು. ಹಿಂದಿನ ಚಿಕ್ಕ ಕೋಣೆಯಲ್ಲಿ ಅಜ್ಜಿಯ ಮಗ್ಗ ಇದೆ, ಆ ಕೋಣೆಗೆ ಬೀಗ ಇರಬೇಕು. ಆಗಲಿ ಅಂದೆವು. ಕರಾರಿನಲ್ಲಿ ಅದನ್ನೂ ಬರೆಸಿದೆವು.

ಈಗ ನನ್ನ ಕಸುಬಿನ ಭಾಗ. ಸಂಘದವರಲ್ಲಿ ಒಂದು ನಂಬಿಕೆ ಇತ್ತು, ಕೊಟ್ಟ ದುಡ್ಡಿಗೆ ಆಸ್ಟ್ರೇಲಿಯದಲ್ಲಿ ತೆರಿಗೆ ವಿನಾಯಿತಿ ಸಿಗುತ್ತದೆ ಅಂತ. ಸಿಗುವುದಿಲ್ಲ. ಹೊರದೇಶಕ್ಕೆ ಕೊಡುವ ದಾನಕ್ಕೆ ವಿನಾಯಿತಿ ಕೊಡುವ ಯೋಜನೆ ಇರುವುದು ಬಡ ದೇಶಗಳ ನೆರವಿಗೆ. ಗ್ರೀಸ್ ಆ ಪಟ್ಟಿಯಲ್ಲಿಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಕೆಲವರು ನನ್ನನ್ನೇ ತೆರಿಗೆ ಇಲಾಖೆಯವಳ ಹಾಗೆ ನೋಡಿದರು. ಒಬ್ಬರೂ ಕೊಟ್ಟಿದ್ದನ್ನು ವಾಪಸ್ ಕೇಳಲಿಲ್ಲ, ಅದು ಬೇರೆ ಮಾತು.

ಗ್ರೀಸ್‌ನ ಕಡೆ ಇನ್ನೊಂದು ಸೂಕ್ಷ್ಮ ಇತ್ತು. ಅಲ್ಲಿ ಮನೆಯನ್ನು ಪುಕ್ಕಟೆ ಬಿಟ್ಟುಕೊಟ್ಟರೂ ಮಾಲೀಕರಿಗೆ ಆದಾಯ ಬಂದ ಹಾಗೆ ಲೆಕ್ಕ ಹಿಡಿದು ತೆರಿಗೆ ಹಾಕುವ ಪದ್ಧತಿ ಇದೆ. ಟೀಚರಿಗೆ ನೇರವಾಗಿ ಕೊಟ್ಟರೆ 11 ಜನವೂ ಬಾರದ ಬಾಡಿಗೆಗೆ ತೆರಿಗೆ ಕಟ್ಟಬೇಕಾಗುತ್ತಿತ್ತು. ಸರ್ಕಾರಿ ಸಂಸ್ಥೆಗೆ ಕೊಟ್ಟರೆ ಆ ಕಾಟ ಇಲ್ಲ. ಹಾಗಾಗಿ ನಗರಸಭೆಯನ್ನು ನಡುವೆ ತಂದಿದ್ದು. ಭಾವನ ಭಯಕ್ಕೂ ಅದೇ ಮದ್ದಾಯಿತು. ವರ್ಷಕ್ಕೊಮ್ಮೆ ಬರುವ ಎನ್ಫಿಯಾ ಅನ್ನುವ ಆಸ್ತಿ ತೆರಿಗೆ ಮಾತ್ರ ಮಾಲೀಕರದ್ದೇ. ಅದು ಹೆಚ್ಚೇನಿಲ್ಲ, ಆದರೆ 11 ಜನರ ಪಾಲಿಗೆ 11 ಚೂರು.

ಏಪ್ರಿಲ್‌ನಲ್ಲಿ ಗಂಡ, ಅತ್ತೆ, ನಾನು ದ್ವೀಪಕ್ಕೆ ಹೋದೆವು. ಅಥೆನ್ಸ್‌ನಿಂದ ವಿಮಾನ ಇದೆ. ಅತ್ತೆಗೆ ಹಡಗಿನಲ್ಲೇ ಹೋಗಬೇಕಿತ್ತು. ಪೆಲೊಪೊನೀಸ್‌ನ ತುದಿಯ ನೆಯಾಪೊಲಿ ಬಂದರಿನಿಂದ ಹತ್ತಿದರೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಕೀಥಿರಾದ ಬಂದರು ದಿಯಾಕೊಫ್ತಿ. ಇಳಿದು ಒಳನಾಡಿನ ಗುಡ್ಡ ಹತ್ತಬೇಕು. ಅಲ್ಲಿನ ಹಳ್ಳಿಗಳಿಗೆ ಮನೆತನದ ಹೆಸರೇ ಊರಿನ ಹೆಸರು. ಲೊಗೊಥೆತಿಯಾನಿಕಾ, ಫ್ರಿಲಿಂಗಿಯಾನಿಕಾ, ಹೀಗೆ. ದಾರಿಯುದ್ದಕ್ಕೂ ಹಳದಿ ಹೂವು, ಸಾಲು ಕಲ್ಲಿನ ಗೋಡೆ, ಅದರೊಳಗೆ ಯಾರೂ ಉಳದ ಹೊಲ.

ಮನೆ ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಗಿಂತ ದಪ್ಪ ಗೋಡೆ, ಒಳಗೆ ಕಮಾನಿನ ಚಾವಣಿ, ಅಂಗಳದಲ್ಲಿ ಮಳೆನೀರು ಹಿಡಿಯುವ ತೊಟ್ಟಿ. ತೇವ ಮಾತ್ರ ಗೋಡೆಯ ಸೊಂಟದವರೆಗೆ ಏರಿತ್ತು. ಅಡುಗೆಮನೆಯ ಗೂಡಿನಲ್ಲಿ ಒಂದು ಉದ್ದನೆಯ ಲೋಹದ ಲೋಟ. ಹಳೆ ಕಾಲದ ಮಿಲ್ಕ್‌ಶೇಕ್ ಯಂತ್ರಕ್ಕೆ ಸಿಕ್ಕಿಸುವಂಥದ್ದು. ಅಜ್ಜ ಒಮ್ಮೆ ಊರಿಗೆ ಬಂದಾಗ ತಂದಿಟ್ಟಿದ್ದಂತೆ. ಒಳಗೆ ಎಣ್ಣೆಯ ಜಿಗುಟು. ಪಕ್ಕದ ಮನೆಯ ಮುದುಕಿ ನಕ್ಕು ಹೇಳಿದಳು, ಅವರು ಅದರಲ್ಲಿ ಆಲಿವ್ ಎಣ್ಣೆ ಅಳೆದು ಕೊಡುತ್ತಿದ್ದರಂತೆ.

ಕೆಲಸದವರನ್ನು ಈಮೇಲ್‌ನಲ್ಲಿ ಹುಡುಕಿ ಸಾಕಾಗಿತ್ತು. ಭಾನುವಾರ ಬೆಳಿಗ್ಗೆ ಪೊಟಮೋಸ್ ಊರಿನ ಚೌಕದಲ್ಲಿ ಸಂತೆ ಸೇರುತ್ತದೆ. ಜೇನು, ಥೈಮ್ ಸೊಪ್ಪು, ಎಣ್ಣೆ ಹಾಕಿ ಸುಟ್ಟ ಗಟ್ಟಿ ರಸ್ಕು, ತರಕಾರಿ. ಇಡೀ ದ್ವೀಪ ಅಲ್ಲಿ ಕಾಫಿ ಕುಡಿಯುತ್ತಾ ಕೂತಿರುತ್ತದೆ. ಅತ್ತೆ ತನ್ನ ಅಪ್ಪನ ಅಡ್ಡಹೆಸರು ಹೇಳಿದ್ದೇ ತಡ, ಗಾರೆಯವನು ಸಿಕ್ಕ, ಎಲೆಕ್ಟ್ರಿಷಿಯನ್ ಸಿಕ್ಕ, ಬಿಸಿನೀರಿನ ಸೋಲಾರ್ ಹಾಕುವವನೂ ಸಿಕ್ಕ. ಅಡ್ಡಹೆಸರು ಯಾಕೆಂದರೆ ಒಂದೇ ಮನೆತನದ ಹೆಸರು ಅರ್ಧ ಊರಿಗಿರುತ್ತದೆ. ಎಷ್ಟೋ ವರ್ಷ ಕರೆಂಟ್ ಕಡಿದಿದ್ದ ಮನೆಗೆ ಮತ್ತೆ ಸಂಪರ್ಕ ಕೊಡಲು ವೈರಿಂಗ್ ಸರಿಯಿದೆ ಅಂತ ಎಲೆಕ್ಟ್ರಿಷಿಯನ್ ಬರೆದುಕೊಡಬೇಕು. ನಮ್ಮ ವೈರಿಂಗ್ ನೋಡಿ ಅವನು ಶಿಲುಬೆಯ ಗುರುತು ಹಾಕಿಕೊಂಡ. ಪೂರ್ತಿ ಬದಲಾಯಿಸಿದ ಮೇಲೆಯೇ ಸಹಿ.

ಗಂಟೆಗೋಪುರದ ದುಡ್ಡು ಹೀಗೆ ಗಾರೆ, ವೈರು, ಸೋಲಾರ್, ಎರಡು ಹಾಸಿಗೆಗೆ ಹೋಯಿತು. ಸಂಘದ ಕೆಲವರಿಗೆ ಇದು ಈಗಲೂ ಇಷ್ಟವಿಲ್ಲ. "ಹಾಸಿಗೆ ಕೊಡೋದೂ ಒಂದು ದಾನವಾ?" ಅಂತ ಹಿರಿಯರೊಬ್ಬರು ಕೇಳಿದರು. ನನ್ನ ಪುಸ್ತಕದಲ್ಲಿ ಹೌದು.

ಮೇ ಹೊತ್ತಿಗೆ ವಾರಸು ಪತ್ರ ಆಗಬೇಕಿತ್ತು. ಒಂದು ಕಚೇರಿಯಲ್ಲಿ ನಮ್ಮ ಕಡತ ಯಾರದೋ ಮೇಜಿನ ಮೇಲೆ ಕೂತುಬಿಟ್ಟಿತು. ಅವರು ರಜೆಯಲ್ಲಿದ್ದರು, ಅವರ ಬದಲಿಯವರೂ ರಜೆಯಲ್ಲಿದ್ದರು. ಸಿಡ್ನಿಯಲ್ಲಿ ರಾತ್ರಿ ಊಟದ ಪಾತ್ರೆ ತೊಳೆಯುವ ಹೊತ್ತಿಗೆ ಅಲ್ಲಿ ಕಚೇರಿ ತೆರೆದಿರುತ್ತದೆ. ಒಂದು ಕೈಯಲ್ಲಿ ಪಾತ್ರೆ, ಒಂದು ಕೈಯಲ್ಲಿ ಫೋನು ಹಿಡಿದು ಅತ್ತೆ ಅವರನ್ನು ಬಿಡದೆ ಹಿಡಿದರು. ಆಗಸ್ಟ್ 15 ಗ್ರೀಕರಿಗೆ ದೊಡ್ಡ ಹಬ್ಬ, ಮಾತೆ ಮೇರಿಯದು. ಅದರ ಆಚೀಚೆ ಯಾವ ಕಾಗದವೂ ಕದಲುವುದಿಲ್ಲ. ಜುಲೈಯಲ್ಲಿ ಆಗದಿದ್ದರೆ ಆ ವರ್ಷ ಕೈಬಿಟ್ಟ ಹಾಗೇ ಅಂತ ವಕೀಲೆ ಮೊದಲೇ ಎಚ್ಚರಿಸಿದ್ದರು. ಜುಲೈಯಲ್ಲೇ ಆಯಿತು.

ಆಮೇಲೆ ನಗರಸಭೆಯ ಸರದಿ. ದಾನವನ್ನು ಸುಮ್ಮನೆ ತೆಗೆದುಕೊಳ್ಳಲು ಅವರಿಗೂ ಬರುವುದಿಲ್ಲ. ಸಭೆಯಲ್ಲಿ ತೀರ್ಮಾನ ಆಗಬೇಕು. ಆ ತೀರ್ಮಾನ 'ದಿಯಾವ್‌ಗಿಯಾ' ಅನ್ನುವ ಸರ್ಕಾರಿ ಜಾಲತಾಣಕ್ಕೆ ಏರಬೇಕು. 2010ರಿಂದ ಗ್ರೀಸ್‌ನಲ್ಲಿ ಇದು ಕಾನೂನು. ಸರ್ಕಾರಿ ಕಚೇರಿಗಳ ತೀರ್ಮಾನಗಳು, ಖರ್ಚುಗಳು ಅಲ್ಲಿಗೆ ಹೋಗಬೇಕು, ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಯಾರು ಬೇಕಾದರೂ ನೋಡಬಹುದು. ನನ್ನಂಥ ಲೆಕ್ಕದವಳಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಹಿಂದೆಲ್ಲ ಕಳಿಸಿದ ದುಡ್ಡು ಏನಾಯಿತು ಅಂತ ಗೊತ್ತಾಗುತ್ತಿದ್ದುದು ಯಾರದೋ ಭಾವಮೈದುನ ಬರೆದ ಕಾಗದದಿಂದ. ಈಗ ಮನೆಯ ವಿವರ, ಎಷ್ಟು ತಿಂಗಳು, ಯಾವ ಕೋಣೆಗೆ ಬೀಗ, ಎಲ್ಲ ಫೋನಿನಲ್ಲೇ ಕಾಣುತ್ತಿತ್ತು. ಬ್ರಿಸ್ಬೇನ್ ಭಾವ ಅದನ್ನು ಇಡೀ ಮನೆತನಕ್ಕೆ ವಾಟ್ಸಾಪ್ ಮಾಡಿದರು, ಮಗ್ಗದ ಸಾಲಿಗೆ ಕೆಂಪು ಗೆರೆ ಎಳೆದು.

ಸೆಪ್ಟೆಂಬರ್‌ನಲ್ಲಿ ಥೆಸಲೋನಿಕಿ ಕಡೆಯ ಒಬ್ಬ ಟೀಚರ್ ಬಂದರು. ಇನ್ನೂ ಮೂವತ್ತೂ ದಾಟದ ಹುಡುಗಿ. ನೇಮಕದ ಪಟ್ಟಿ ಬಂದ ಮರುದಿನವೇ ಕಾರಿಗೆ ಸಾಮಾನು ತುಂಬಿ ಹೊರಟವಳು. ಹಡಗು ಇಳಿದಾಗ ಕೈಯಲ್ಲಿ ಬೀಗದ ಕೈ ಸಿಕ್ಕಿದ್ದು ಅವಳಿಗೇ ನಂಬಿಕೆಯಾಗಲಿಲ್ಲ ಅಂತ ಆಮೇಲೆ ವಿಡಿಯೋ ಕರೆಯಲ್ಲಿ ಹೇಳಿದಳು. ನವೆಂಬರ್‌ನಲ್ಲಿ ಇನ್ನೊಂದು ಕರೆ ಬಂತು. ದೂರಲ್ಲ, ವಿನಂತಿ ಅಂದಳು. ಗಾಳಿ ಮಳೆಗೆ ಬಟ್ಟೆ ಒಣಗುತ್ತಿಲ್ಲ, ಪುಸ್ತಕಗಳ ಹಾಳೆ ಸುರುಳಿ ಸುತ್ತುತ್ತಿವೆ, ಚಪ್ಪಲಿಗೆ ಬೂಷ್ಟು ಹಿಡಿದಿದೆ. ರೂಮಿನ ತೇವ ಹೀರುವ ಯಂತ್ರ ಒಂದು ಸಿಗಬಹುದಾ?

ಮೀಟಿಂಗಿನಲ್ಲಿ ಇಟ್ಟೆ. ಚರ್ಚೆ ಆಗಲೇ ಇಲ್ಲ. ಇಪ್ಪತ್ತು ವರ್ಷದ ಪುಸ್ತಕದಲ್ಲಿ ಜಗಳವಿಲ್ಲದೆ ಪಾಸಾದ ಖರ್ಚು ನಾನು ಕಂಡ ಹಾಗೆ ಅದೊಂದೇ. ಕಾರಣವೂ ಸರಳ, ತೇವ ಹೀರುವ ಯಂತ್ರದ ಮೇಲೆ ಹೆಸರು ಕೆತ್ತಿಸಲು ಯಾರಿಗೂ ಆಸೆ ಇರಲಿಲ್ಲ.

ಫಲಕದ ಜಗಳ ಮಾತ್ರ ಮುಗಿದಿಲ್ಲ. ಸಂಘದ ಹೆಸರು ಬಾಗಿಲ ಮೇಲೆ ಬೇಕು ಅಂತ ಒಂದು ಗುಂಪು. ಮನೆ ಸಂಘದ್ದಲ್ಲ, ನಮ್ಮಪ್ಪನದು ಅಂತ ಅತ್ತೆ. ಹಾಗಾದರೆ ಅಪ್ಪನ ಹೆಸರೇ ಹಾಕಿ, ಆದರೆ ಪನಾಯೋಟಿಸ್ ಅಂತಲೋ ಪೀಟರ್ ಅಂತಲೋ ಅಂತ ಇನ್ನೊಬ್ಬರು. ಸದ್ಯಕ್ಕೆ ಗೋಡೆ ಖಾಲಿ ಇದೆ.

ಹೋದ ತಿಂಗಳು ಮೀಟಿಂಗ್ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ಪಾರ್ಕಿಂಗ್ ಹತ್ತಿರ ತಡೆದರು. ಅವರ ತಾಯಿಯ ಕಡೆಯ ಒಂದು ಮನೆ ಇದೆಯಂತೆ, ಆಸ್ಪತ್ರೆಯ ನರ್ಸಿಗೆ ಆಗಬಹುದಾ ಅಂತ ಕೇಳಿದರು. ಯಾರ ಹೆಸರಲ್ಲಿದೆ ಅಂದೆ. "ಅಜ್ಜಿಯ ಅಪ್ಪನ ಹೆಸರಲ್ಲಿ" ಅಂದರು. ಮನೆಗೆ ಬಂದು ಫ್ರಿಜ್ ಮೇಲಿನ ಪಟ್ಟಿಯ ಫೋಟೋ ತೆಗೆದು ಕಳಿಸಿದೆ. "ಇದೆಲ್ಲ ಬೇಕಾ?" ಅಂತ ಮೆಸೇಜ್ ಬಂತು. ಎಲ್ಲ ಬೇಕು ಅಂತ ಬರೆದೆ. ಮೊದಲು ಪೌರತ್ವದ ಕಡತ ತರಿಸಿ, ಆಮೇಲೆ ವಾರಸುದಾರರನ್ನು ಎಣಿಸಿ. ಜುಲೈ ಒಳಗೆ ಮುಗಿದರೆ ಈ ಸೆಪ್ಟೆಂಬರ್‌ಗೆ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ.